ಭಾನುವಾರ ಗಾಳಿಪಟದ ದಿನ: ಮಕ್ಕಳೊಂದಿಗೆ ದೊಡ್ಡವರೂ ಬನ್ನಿ

ಎಲ್ಲರಿಗೂ ನಮಸ್ಕಾರ. ನೈರುತ್ಯ ಮುಂಗಾರಿನ ಗಾಳಿ ಜೋರಾಗಿದೆ, ಆಷಾಢ ಇನ್ನೂ ಮುಗಿದಿಲ್ಲ. ಬರುವ ಭಾನುವಾರ ಬೆಳಿಗ್ಗೆ 9ಕ್ಕೆ ಬಡಾವಣೆಯ ಮೈದಾನದಲ್ಲಿ ಸೇರೋಣ.

ಅಂಗಡಿಯ ಪ್ಲಾಸ್ಟಿಕ್ ಗಾಳಿಪಟ ದಯವಿಟ್ಟು ತರಬೇಡಿ. ಮಕ್ಕಳೇ ಮಾಡಬೇಕು ಎನ್ನುವುದೇ ನಮ್ಮ ಆಸೆ. ಮನೆಗೊಂದರಂತೆ ಹಳೆಯ ದಿನಪತ್ರಿಕೆ, ಕತ್ತರಿ ಮತ್ತು ಬಾಲಂಗೋಚಿಗೆ ಹಳೆಯ ಹತ್ತಿ ಸೀರೆಯ ತುಂಡು ತನ್ನಿ. ಬಿದಿರು ಕಡ್ಡಿಗಳನ್ನು ಸೀಳಿಟ್ಟಿದ್ದೇವೆ, ಮೈದಾ ಅಂಟನ್ನು ನಾನೇ ಕಾಯಿಸಿ ತರುತ್ತೇನೆ. ಕಷ್ಟದ ಕೆಲಸವೆಂದರೆ ಸೂತ್ರ, ಅಂದರೆ ಹಾರಿಸುವ ದಾರವನ್ನು ಪಟಕ್ಕೆ ಸೇರಿಸುವ ಎಳೆ, ಕಟ್ಟುವುದು. ಗಂಟು ಒಂದು ಬೆರಳು ಮೇಲೆ ಕೆಳಗಾದರೂ ಪಟ ಗಿರಗಿರನೆ ಸುತ್ತಿ ಬೀಳುತ್ತದೆ. ಆಗ ಅಪ್ಪ ಅಮ್ಮಂದಿರು ಕಸಿದುಕೊಂಡು ಸರಿಮಾಡದೆ, ಮಗುವೇ ಬಿಚ್ಚಿ ಕಟ್ಟಲು ಬಿಡಿ. ಮೂರನೆಯ ಸಲಕ್ಕೆ ಪಟ ಮೇಲೇರಿದಾಗಿನ ಆ ಮುಖವನ್ನು ನೀವು ನೋಡಲೇಬೇಕು!

ದಾರ ಬರೀ ಹತ್ತಿಯದು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಅದು ಹಕ್ಕಿಗಳ ರೆಕ್ಕೆಯನ್ನೂ ಬೈಕ್ ಸವಾರರ ಕತ್ತನ್ನೂ ಕೊಯ್ಯುತ್ತದೆ. ಈ ವಿಷಯದಲ್ಲಿ ಯಾರಿಗೂ ವಿನಾಯಿತಿ ಇಲ್ಲ. ವಿದ್ಯುತ್ ತಂತಿಯಿರುವ ಪೂರ್ವದ ಮೂಲೆಗೂ ಮಕ್ಕಳನ್ನು ಬಿಡಬೇಡಿ, ತಂತಿಗೆ ಸಿಕ್ಕಿದ ಪಟವನ್ನು ಯಾರೂ ಎಳೆಯಬೇಡಿ.

ಗಾಳಿ ಬಿದ್ದರೆ ಲಗೋರಿ ಆಡೋಣ. ಏಳು ಚಪ್ಪಟೆ ಕಲ್ಲು ಹುಡುಕಿ ತರುವ ಕೆಲಸ ಚಿಕ್ಕ ಮಕ್ಕಳದು. ಕುಂಟೆಬಿಲ್ಲೆಗೆ ಅಜ್ಜಿಯರೇ ಗುರುಗಳು, ಅವರನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಚುರುಮುರಿ, ಮಜ್ಜಿಗೆ ಇರುತ್ತದೆ. ಲೋಟ ನಿಮ್ಮದೇ ತನ್ನಿ.

ಮಳೆ ಹಿಡಿದರೆ ಸಮುದಾಯ ಭವನದಲ್ಲಿ ಪಟ ಕಟ್ಟಿಟ್ಟುಕೊಂಡು ಮುಂದಿನ ಭಾನುವಾರ ಹಾರಿಸೋಣ. ಎಷ್ಟು ಮಕ್ಕಳು ಬರುತ್ತಾರೆಂದು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಕಡ್ಡಿ ಕಡಿಮೆಯಾಗಬಾರದು.