ಬಸ್ಯಾನಿಗೊಂದು ಪತ್ರ, ಹೆಸರಘಟ್ಟದ ಏರಿಯಿಂದ

ಪ್ರೀತಿಯ ಬಸ್ಯಾ,

2023ರ ಆ ಕೆಸರಿನ ಫೋಟೊ ಮತ್ತೆ ಹಾಕಿದ್ದೀಯಲ್ಲ, ನೋಡಿ ನೋಡಿ ನಗುತ್ತಿದ್ದೇನೆ. ಕನ್ಸಾಸ್‌ನ ಎಂಪೋರಿಯಾಕ್ಕೆ ಹೋಗಿ, ದುಡ್ಡು ಕಟ್ಟಿ, ಜಲ್ಲಿ ರಸ್ತೆಯ 200 ಮೈಲಿಯ ಅನ್‌ಬೌಂಡ್ ಸೈಕಲ್ ರೇಸಿಗೆ ಹೆಸರು ಕೊಟ್ಟು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದ ಗಂಡಸು ನೀನು. ಕೈಯಲ್ಲಿ ಪೇಂಟ್ ಕಲಕುವ ಕಡ್ಡಿ ಬೇರೆ. ಟೈರಿಗೆ ಮೆತ್ತಿದ ಮಣ್ಣು ಕೆರೆಯೋಕೆ ಅಲ್ಲಿ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರಂತಲ್ಲ! ನವಲಗುಂದದ ಎರೆಹೊಲದಲ್ಲಿ ನಾವು ಜಾಲಿ ಕಡ್ಡಿಯಿಂದ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸ ಅದು. ಅಪ್ಪನ ಅಟ್ಲಾಸ್ ಸೈಕಲ್ಲಿನ ಮಡ್‌ಗಾರ್ಡಿನೊಳಗೆ ಮಣ್ಣು ಕಚ್ಚಿ ಚಕ್ರ ನಿಂತುಹೋದಾಗ ನಿನ್ನ ಬಾಯಿಂದ ಬಂದ ಮಾತು ಇಲ್ಲಿ ಬರೆಯುವ ಹಾಗಿಲ್ಲ, ಹಿರಿಯರೂ ಓದುತ್ತಾರೆ. ಎಮ್ಮೆ ವಿಷಯವಂತೂ ಎತ್ತುವುದೇ ಇಲ್ಲ. ನೀನು ರೇಸ್ ಅರ್ಧಕ್ಕೇ ಬಿಟ್ಟು ಬಂದೆ ಅನ್ನೋದನ್ನೂ ನಾನು ಯಾರಿಗೂ ಹೇಳಿಲ್ಲ.

ನನ್ನ ಸೈಕಲ್ ಸಮಾಚಾರ ಕೇಳಿದ್ದೀಯ. ಹೇಳುತ್ತೇನೆ, ಕೂತ್ಕೋ.

ನನ್ನದು ಗ್ರಾವೆಲ್ ಬೈಕ್. ಅಂದರೆ ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್, ಜಲ್ಲಿಗೂ ಮಣ್ಣಿಗೂ ಹೆದರದ ದಪ್ಪ ಟೈರ್. (ಇದು ನಿನಗಲ್ಲ ಬಸ್ಯಾ, ಓದುವ ಬೇರೆಯವರಿಗೆ.) ಹಳೆ ಹೈಬ್ರಿಡ್ ಸೈಕಲ್ಲಿನ ಟೈರಿಗೆ 70 ಪಿಎಸ್‌ಐ ಗಾಳಿ ಹೊಡೆಯುತ್ತಿದ್ದೆ, ಜಲ್ಲಿ ರಸ್ತೆಗೆ ಇಳಿದರೆ ಹಲ್ಲು ಕಟಕಟ ಅನ್ನುತ್ತಿತ್ತು. ಇದರ 40 ಎಂಎಂ ಟೈರಿಗೆ 35 ಸಾಕು. ಟ್ಯೂಬ್ ಇಲ್ಲ, ಒಳಗೆ ಮಜ್ಜಿಗೆಯಂಥ ಸೀಲೆಂಟ್. ಮುಳ್ಳು ಚುಚ್ಚಿದರೆ ಪುಸ್ ಅಂತ ನಾಲ್ಕು ಬಿಳಿ ಹನಿ ಚಿಮ್ಮುತ್ತದೆ, ಆಮೇಲೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಿಸಬೇಕು ಅಷ್ಟೆ. ಗೇರ್ ಶಿಮಾನೊದ ಜಿಆರ್‌ಎಕ್ಸ್, ಇಂಥ ಸೈಕಲ್ಲಿಗೇ ಮಾಡಿದ್ದು. ಮುಂದೆ ಪೆಡಲ್ ಹತ್ತಿರ ಒಂದೇ ಹಲ್ಲಿನ ಚಕ್ರ, 40 ಹಲ್ಲು. ಹಿಂದೆ 11ರಿಂದ 42ರ ತನಕ. ನಂದಿ ಬೆಟ್ಟದ ಕೊನೇ ತಿರುವುಗಳನ್ನೂ ಕೂತೇ ತುಳಿಯುತ್ತೇನೆ. ಮೊದಲು ಅಲ್ಲಿ ಇಳಿದು, ಫೋನ್ ಬಂದ ಹಾಗೆ ನಟಿಸುತ್ತಿದ್ದೆ.

ಬೆಲೆ? ಮನೆಯಲ್ಲಿ ಹೇಳಿದ್ದು ಒಂದು, ಕೊಟ್ಟದ್ದು ಒಂದು. ಹೆಂಡತಿಯೂ ಇದನ್ನು ಓದುತ್ತಾಳೆ, ಹಾಗಾಗಿ ಮುಂದಿನ ವಿಷಯಕ್ಕೆ ಹೋಗೋಣ.

ಮುಂದಿನ ವಿಷಯವೂ ಅವಳದ್ದೇ. ಹೋದ ತಿಂಗಳು ದೋಸೆ ಹಾಕುತ್ತಾ ಕೇಳಿದಳು: "ಅಲ್ಲ, ಸೈಕಲ್ ಜೋರಾಗ್ತಾ ಹೋದ ಹಾಗೆ ನೀವು ಬರೋದು ಯಾಕೆ ತಡ ಆಗ್ತಾ ಇದೆ?"

ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದನ್ನು ಕೇಳಿದ ಹಾಗೆ ಕೇಳಿದಳು. ದೂರ ಜಾಸ್ತಿ ಹೋಗ್ತೀನಲ್ಲ ಅಂದೆ. ಹ್ಞೂಂ ಅಂದು ದೋಸೆ ಮಗುಚಿದಳು.

ಅವತ್ತು ರಾತ್ರಿ ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ತೆಗೆದು ನೋಡಿದೆ. ಹಿಂದಿನ ಭಾನುವಾರದ್ದು. ಯಲಹಂಕದಿಂದ ಹೆಸರಘಟ್ಟ, ಅಲ್ಲಿಂದ ಹಳ್ಳಿಗಳ ಮಣ್ಣು ರಸ್ತೆ ಸುತ್ತಿ ವಾಪಸ್, 58 ಕಿಲೋಮೀಟರ್. ಚಕ್ರ ಉರುಳಿದ ಹೊತ್ತು 3 ಗಂಟೆ 10 ನಿಮಿಷ. ಮನೆ ಬಿಟ್ಟು ಮನೆ ಸೇರಿದ ಹೊತ್ತು 6 ಗಂಟೆ 20 ನಿಮಿಷ. ನೀನೂ ಅದಕ್ಕೆ ಭೇಷ್ ಅಂತ ಒತ್ತಿದ್ದೀಯ, ನೋಡದೇ.

ಉಳಿದ ಮೂರು ಗಂಟೆ ಎಲ್ಲಿ ಹೋಯಿತು? ಚಹಾಕ್ಕೆ ಇಪ್ಪತ್ತು ನಿಮಿಷ ಹಿಡಿ. ಮಿಕ್ಕಿದ್ದೆಲ್ಲ ಕೆರೆ ಏರಿ ಮೇಲೆ ಕೂತಿದ್ದೆ. ಬೆಂಗಳೂರಿಗೆ ನೀರು ಕೊಡಲು ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ ಅದು. ಕೂರೋಕೆ ಒಳ್ಳೆ ಜಾಗ, ತಂಪು ಗಾಳಿ ಬರುತ್ತದೆ. ಆದರೆ ನಾನು ಗಾಳಿಗೆ ಕೂತಿರಲಿಲ್ಲ ಕಣೋ. ಹನ್ನೊಂದು ಆಗಲಿ ಅಂತ ಕೂತಿದ್ದೆ.

ಅಪ್ಪನನ್ನು ನೋಡಿಕೊಳ್ಳುವ ಹುಡುಗನಿಗೆ ಭಾನುವಾರ ರಜೆ. ಒಂಬತ್ತಕ್ಕೆ ಅಪ್ಪನಿಗೆ ಸ್ನಾನ. ಹತ್ತಕ್ಕೆ ಬಟ್ಟೆ, ಹಾಸಿಗೆ. ಹನ್ನೊಂದರ ಹೊತ್ತಿಗೆ ಗಂಜಿ ಕುಡಿಸಿ ಆಗಿರುತ್ತದೆ, ಅಪ್ಪ ನಿದ್ದೆ ಮಾಡುತ್ತಿರುತ್ತಾರೆ. ಆಗ ನಾನು ಹೆಲ್ಮೆಟ್ ತೆಗೆಯುತ್ತಾ ಒಳಗೆ ಬರುತ್ತೇನೆ.

ಅವರಿಗೆ ಲಕ್ವಾ ಹೊಡೆದದ್ದು 2022ರ ದೀಪಾವಳಿಗೆ. ಸೈಕಲ್ ತಂದದ್ದು ಡಿಸೆಂಬರ್‌ನಲ್ಲಿ. ಮೂತ್ರದ ಪೈಪ್ ಹಾಕಿದ ತಿಂಗಳು ಗೇರ್ ಸೆಟ್ ಬದಲಾಯಿಸಿದೆ. ಎರಡನೇ ಸಲ ಆಸ್ಪತ್ರೆಗೆ ಸೇರಿಸಿ ಮನೆಗೆ ಕರೆತಂದ ವಾರ ಫ್ರೇಮಿಗೆ ಬ್ಯಾಗ್, ಮುಂದಕ್ಕೆ ದೊಡ್ಡ ಲೈಟ್. ಬಿಲ್ಲುಗಳ ತಾರೀಕು ಜೋಡಿಸಿ ನೋಡುವ ತನಕ ಇದು ನನಗೇ ಗೊತ್ತಿರಲಿಲ್ಲ ಅಂದರೆ ನಂಬುತ್ತೀಯಾ? ನನಗೂ ಪೂರ್ತಿ ನಂಬಿಕೆ ಇಲ್ಲ.

ಒಂದೇ ಒಂದು ಹೇಳಿ ನಿಲ್ಲಿಸುತ್ತೇನೆ. ಶನಿವಾರ ಸಂಜೆ ಬಾಲ್ಕನಿಯಲ್ಲಿ ಕೂತು ಹಿಂದಿನ ಚಕ್ರದ ಹಲ್ಲುಗಳನ್ನು ಹಳೆ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಒಂದೊಂದೇ ಹಲ್ಲು, ಸಂದಿಯ ಜಿಡ್ಡು ಬಟ್ಟೆಯ ಅಂಚಿನಿಂದ ತೆಗೆದು. ಕಿಟಕಿಯ ಆಚೆ ಅಪ್ಪ ಮಲಗಿದ್ದರು. ಎಡಗೈ ಎದೆಯ ಮೇಲೆ. ಉಗುರು ಬೆಳೆದು ಒಳಕ್ಕೆ ಬಾಗಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಸೈಕಲ್ಲನ್ನು ನೋಡುತ್ತಿದ್ದರೋ ಏನೋ. ಅಟ್ಲಾಸಿನ ಚೈನಿಗೆ ಸೀಮೆಎಣ್ಣೆ ಹಾಕಿ ತಿಕ್ಕುವುದು ಕಲಿಸಿದ್ದು ಅವರೇ ಅಲ್ವಾ.

ಉಗುರು ನಾನು ಕತ್ತರಿಸಲಿಲ್ಲ. ಭಾನುವಾರ ನಾನು ಏರಿ ಮೇಲಿದ್ದಾಗ ಹೆಂಡತಿ ಕತ್ತರಿಸಿದಳು. ಹೌದು, ಇದೆಲ್ಲ ಗೊತ್ತಾದ ಮೇಲೂ ಹೋದೆ. 61 ಕಿಲೋಮೀಟರ್. ಸರಾಸರಿ ವೇಗ ಚೆನ್ನಾಗಿತ್ತು.

ಅಯ್ಯೋ, ಟೈರ್ ಬಗ್ಗೆ ನಾಲ್ಕು ಸಾಲು ಅಂತ ಶುರು ಮಾಡಿದ್ದು ಎಲ್ಲಿಗೋ ಹೋಯಿತು. ಅಳಿಸೋಣ ಅಂದರೆ ಇಷ್ಟು ಟೈಪ್ ಮಾಡಿದ ಕೈ ಬಿಡುತ್ತಿಲ್ಲ. ಇದನ್ನು ಓದಿ ಗಾಬರಿಯಾಗಿ ಫೋನ್ ಮಾಡಬೇಡ, ಆಫೀಸಲ್ಲಿ ಇರುತ್ತೇನೆ. ಕಾಮೆಂಟಿನಲ್ಲಿ "ಕಣ್ಣು ತುಂಬಿ ಬಂತು" ಅಂತ ಬರೆಯುವವರೂ ದಯವಿಟ್ಟು ಬೇಡ. ಬೇಕಾದರೆ 45 ಎಂಎಂ ಟೈರ್ ನನ್ನ ಫ್ರೇಮಿನಲ್ಲಿ ಹಿಡಿಸುತ್ತಾ ಹೇಳಿ.

ನೀನು ಡಿಸೆಂಬರಿಗೆ ಬರುವಾಗ ಒಂದು ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿಸುವ ಕೊಂಡಿ) ತಾ, ಬೆಲೆ ಚೀಟಿ ಕಿತ್ತು ತಾ. ಗಟ್ಟಿ ಉಗುರಿಗೆ ಬರುವಂಥ ಒಳ್ಳೆ ನೇಲ್ ಕಟರ್ ಸಿಕ್ಕರೆ ಅದನ್ನೂ ತಾ. ಕಾರ್ಬನ್‌ದು ಇದ್ದರೆ ನೋಡು, ನಾವು ಗ್ರಾಂ ಲೆಕ್ಕದ ಜನ.

ನಿನ್ನ,
ಅದೇ ಮಡ್‌ಗಾರ್ಡ್