ಕನ್ಯಾರಾಶಿಯ ಮಗುವಿಗೆ ಹುಲಿ ಏಕೆ?

ಮೈಸೂರು

ಪ್ರಿಯ ಗೆಳೆಯ,

ಕೊರಿಯರ್ ತಲುಪಿತು ಎಂಬ ನಿನ್ನ ಸಂದೇಶದ ಬೆನ್ನಿಗೇ ಪ್ರಶ್ನೆಯೂ ಬಂತು: ಮೊಮ್ಮಗಳದು ಕನ್ಯಾರಾಶಿ ಎಂದು ಬಿಡಿಸಿ ಹೇಳಿದ್ದರೂ ಹುಲಿ ಏಕೆ ಕಳುಹಿಸಿದೆ? ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲ, ಆದ್ದರಿಂದ ಪತ್ರ. ನನ್ನ ಬಳಿ ಕ್ರೋಶಾ ಗೊಂಬೆ ಮಾಡಿಸಿಕೊಂಡ ಬೇರೆಯವರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಹಾಗಾಗಿ ನಿಮ್ಮ ಮನೆಯವರ ಹೆಸರುಗಳನ್ನೆಲ್ಲ ತೆಗೆದು, ನಾಲ್ಕು ಜನ ಓದುವಂತೆ ಹಾಕುತ್ತಿದ್ದೇನೆ. ಬೇಸರವಿಲ್ಲ ತಾನೆ?

ರಾಶಿಗೊಂದು ಪ್ರಾಣಿ ಮಾಡಿಕೊಡು ಎಂದು ಜನ ಸಲೀಸಾಗಿ ಹೇಳಿಬಿಡುತ್ತಾರೆ. ಕಡ್ಡಿ ಹಿಡಿದು ಕುಳಿತವನಿಗೆ ಗೊತ್ತು ಅದರ ಪಾಡು. ಮೇಷ, ವೃಷಭ, ಕರ್ಕಾಟಕ, ಸಿಂಹ, ವೃಶ್ಚಿಕ, ಮೀನ, ಈ ಆರರ ಬಗ್ಗೆ ತಕರಾರಿಲ್ಲ. ಮಕರ ಪ್ರಾಣಿಯೇ ಹೌದು, ಆದರೆ ಯಾವ ಪ್ರಾಣಿ ಎಂದು ಕೇಳಬಾರದು. ಧನುಸ್ಸು ಅರ್ಧ ಕುದುರೆ. ಉಳಿದ ನಾಲ್ಕು ಯಾವುವು? ಮಿಥುನಕ್ಕೆ ಜೋಡಿ, ಕನ್ಯೆಗೆ ಹುಡುಗಿ, ತುಲೆಗೆ ತಕ್ಕಡಿ, ಕುಂಭಕ್ಕೆ ಕೊಡ. ತಕ್ಕಡಿ ಹೆಣೆದು, ಒಳಗೆ ಹತ್ತಿ ತುಂಬಿ ಕೊಟ್ಟರೆ ಮಗು ಅದನ್ನು ಎಲ್ಲಿ ಹಿಡಿದು ತಬ್ಬಿಕೊಳ್ಳಬೇಕು?

ಅಮಿಗುರುಮಿ ಎಂಬ ಈ ಪುಟ್ಟ ಗೊಂಬೆಗಳ ಕಲೆಯನ್ನು ಜಗತ್ತಿಗೆ ಹಂಚಿದ ಜಪಾನಿನವರಿಗೆ ಈ ಕಷ್ಟವೇ ಇಲ್ಲ. ಚೀನಾದಿಂದ ಅವರಿಗೆ ಬಂದ ವರ್ಷಚಕ್ರದಲ್ಲಿ ಹನ್ನೆರಡಕ್ಕೆ ಹನ್ನೆರಡೂ ಪ್ರಾಣಿಗಳೇ. 2024 ಡ್ರ್ಯಾಗನ್, 2025 ಹಾವು, 2026 ಕುದುರೆ. ಒಂದು ವರ್ಷ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ಗೊಂಬೆ ಹೆಣೆದರಾಯಿತು. ಅವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ನಮ್ಮಲ್ಲಿ ರಾಶಿಗಳಿಗೆ ರೂಪ ಹೇಳಿದವರೇ ಇಲ್ಲವೆಂದಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಜ್ಯೋತಿಷ ಗ್ರಂಥ ಬೃಹಜ್ಜಾತಕದ ಮೊದಲ ಅಧ್ಯಾಯದಲ್ಲಿ ಒಂದೇ ಶ್ಲೋಕದಲ್ಲಿ ಆ ಕೆಲಸ ಮುಗಿಸಿದ್ದಾನೆ. ಮೀನವೆಂದರೆ ಎರಡು ಮೀನು. ಕುಂಭವೆಂದರೆ ಕೊಡ ಹಿಡಿದ ಮನುಷ್ಯ. ಮಿಥುನದ ಜೋಡಿಯಲ್ಲಿ ಒಬ್ಬರ ಕೈಯಲ್ಲಿ ಗದೆ, ಇನ್ನೊಬ್ಬರ ಕೈಯಲ್ಲಿ ವೀಣೆ. ಧನುಸ್ಸು ಸೊಂಟದಿಂದ ಕೆಳಗೆ ಕುದುರೆಯಾದ ಬಿಲ್ಲುಗಾರ. ಮಕರಕ್ಕೆ ಜಿಂಕೆಯ ಮುಖ. ಕನ್ಯೆಯೋ, ದೋಣಿಯಲ್ಲಿ ಕುಳಿತಿದ್ದಾಳೆ, ಕೈಯಲ್ಲಿ ಪೈರು ಮತ್ತು ಬೆಂಕಿ. ಉಳಿದವು ಹೆಸರಿಗೆ ತಕ್ಕಂತೆ ಎಂದು ಹೇಳಿ ಕೈತೊಳೆದುಕೊಂಡಿದ್ದಾನೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಚೆನ್ನಾದ ಮಾದರಿಯನ್ನು ಇಂದಿನ ಯಾವ ಕ್ರೋಶಾ ಪುಸ್ತಕವೂ ಕೊಡುವುದಿಲ್ಲ. ಆ ದೋಣಿಯ ಹುಡುಗಿಯನ್ನು ಹೆಣೆಯುವ ಆಸೆ ನನಗೆ ಬಹಳ ಇದೆ. ಆದರೆ ಹಸುಗೂಸಿನ ಕೈಗೆ ಪಂಜು ಹಿಡಿದವಳನ್ನು ಕೊಡಲು ಮನಸ್ಸು ಬರಲಿಲ್ಲ. ಮೇಲಾಗಿ ನೀನು ಕೇಳಿದ್ದು ಪ್ರಾಣಿಯನ್ನು.

ಆಗ ನೆನಪಾದದ್ದು ನಕ್ಷತ್ರ. ಮದುವೆಗೆ ಜಾತಕ ಕೂಡಿಸುವಾಗ ನೋಡುವ ಎಂಟು ಕೂಟಗಳಲ್ಲಿ, ಅಂದರೆ ಹೊಂದಾಣಿಕೆಗಳಲ್ಲಿ, ಪ್ರತಿ ನಕ್ಷತ್ರಕ್ಕೂ ಒಂದು ಪ್ರಾಣಿಯನ್ನು ಹೇಳುವ ಯೋನಿಕೂಟ ಒಂದು. ಒಟ್ಟು 36 ಗುಣಗಳಲ್ಲಿ ಅದರ ಪಾಲು 4. ಪುರೋಹಿತರು ಬೆರಳು ಮಡಿಸಿ ಲೆಕ್ಕ ಹೇಳಿ ಮುಂದೆ ಹೋಗಿಬಿಡುತ್ತಾರೆ, ನಾವೂ ಕೇಳಿ ಮರೆಯುತ್ತೇವೆ. ಆದರೆ ಆ ಪಟ್ಟಿ ಒಂದು ಸಣ್ಣ ಮೃಗಾಲಯ. ಅಶ್ವಿನಿಗೆ ಕುದುರೆ, ಭರಣಿಗೆ ಆನೆ, ರೋಹಿಣಿಗೆ ಹಾವು, ಆರಿದ್ರೆಗೆ ನಾಯಿ, ಪುನರ್ವಸುವಿಗೆ ಬೆಕ್ಕು, ಮಖೆಗೆ ಇಲಿ, ಶ್ರವಣಕ್ಕೆ ಮಂಗ, ರೇವತಿಗೆ ಮತ್ತೆ ಆನೆ. 14 ಪ್ರಾಣಿಗಳು 27 ನಕ್ಷತ್ರಗಳನ್ನು ಹಂಚಿಕೊಂಡಿವೆ. ಪ್ರತಿ ಪ್ರಾಣಿಗೂ ಎರಡು ನಕ್ಷತ್ರ, ಮುಂಗುಸಿಗೆ ಮಾತ್ರ ಉತ್ತರಾಷಾಢ ಒಂದೇ. ಇಪ್ಪತ್ತೆಂಟನೆಯದಾಗಿ ಅಭಿಜಿತ್ತನ್ನು ಸೇರಿಸಿಕೊಂಡರೆ ಅದಕ್ಕೂ ಜೋಡಿ ಸಿಗುತ್ತದೆ. ಗಣಿತದ ಮೇಷ್ಟ್ರಾದ ನಿನಗೆ ಇದು ಇಷ್ಟವಾಗುತ್ತದೆಂದು ಬಲ್ಲೆ.

ಇನ್ನು ಕನ್ಯಾರಾಶಿಯನ್ನು ಒಡೆದು ನೋಡು. ಉತ್ತರೆಯ ಕೊನೆಯ ಮೂರು ಪಾದ, ಹಸ್ತಾ ಪೂರ್ತಿ, ಚಿತ್ತೆಯ ಮೊದಲ ಎರಡು ಪಾದ. ಉತ್ತರೆಗೆ ಹಸು, ಹಸ್ತೆಗೆ ಎಮ್ಮೆ, ಚಿತ್ತೆಗೆ ಹುಲಿ. ನಿನ್ನ ಮೊಮ್ಮಗಳು ಚಿತ್ತೆಯ ಎರಡನೆಯ ಪಾದ. ನಾಮಕರಣದ ಹೊತ್ತಿಗೆ "ಪೋ" ಎಂದು ಶುರುವಾಗುವ ಹೆಸರು ಹುಡುಕಿ ಮನೆಮಂದಿಯೆಲ್ಲ ಸುಸ್ತಾಗಿ, ಕೊನೆಗೆ ಜಾತಕಕ್ಕೊಂದು ಹೆಸರು, ಕರೆಯುವುದಕ್ಕೊಂದು ಹೆಸರು ಎಂದು ರಾಜಿಯಾದಿರಲ್ಲ, ಅದೇ ಪಾದ. ಹೆಸರಿನಲ್ಲಿ ಆ ಮಗುವಿಗೆ ಕೈಕೊಟ್ಟ ನಕ್ಷತ್ರ ಗೊಂಬೆಯಲ್ಲಿ ಹುಲಿಯನ್ನು ಕೊಟ್ಟಿದೆ. ಇದು ನಷ್ಟದ ವ್ಯವಹಾರವಲ್ಲ.

ಈ ದಾರಿ ಸಿಕ್ಕ ಮೇಲೆ ಉಳಿದ ರಾಶಿಗಳ ಗಂಟೂ ಬಿಚ್ಚಿತು. ತುಲೆಯವರಿಗೆ ಹುಲಿ ಇಲ್ಲವೇ ಎಮ್ಮೆ, ಕುಂಭದವರಿಗೆ ಸಿಂಹ ಇಲ್ಲವೇ ಕುದುರೆ, ಮಿಥುನದವರಿಗೆ ಹಾವು, ನಾಯಿ, ಬೆಕ್ಕು. ಪ್ರಾಣಿ ಇದ್ದೂ ಬೇಡವೆನ್ನುವ ಪ್ರಸಂಗಗಳಿಗೂ ಇದೇ ಮದ್ದು. ಒಂದು ಮನೆಯ ಅಜ್ಜಿ ವೃಶ್ಚಿಕ ರಾಶಿಯ ಮೊಮ್ಮಗನಿಗೆಂದು ನಾನು ಒಯ್ದ ಗೊಂಬೆಯನ್ನು ದೂರದಿಂದಲೇ ನೋಡಿ, "ತೊಟ್ಟಿಲ ಮಗುವಿಗೆ ಯಾರಾದರೂ ಚೇಳು ಕೊಡುತ್ತಾರೆಯೇ?" ಎಂದರು. ಎಂಟು ಕಾಲು, ಇಕ್ಕಳದಂಥ ಎರಡು ಕೈ, ಮೇಲಕ್ಕೆ ಬಾಗಿದ ಗಂಟುಗಂಟಿನ ಬಾಲ, ನನ್ನ ಮಟ್ಟಿಗೆ ಅದು ಬಹಳ ಮುದ್ದಾದ ಚೇಳು. ಆದರೆ ಅಜ್ಜಿಯ ಮಾತಿಗೆ ಎದುರಾಡುವುದುಂಟೆ? ನಕ್ಷತ್ರ ಕೇಳಿದೆ, ಅನೂರಾಧಾ ಎಂದರು. ಅನೂರಾಧೆಗೆ ಜಿಂಕೆ. ಚೇಳು ನನ್ನ ಮೇಜಿನ ಮೇಲೆ ಉಳಿಯಿತು, ಜಿಂಕೆ ಅವರ ಮನೆ ಸೇರಿತು.

ಇಷ್ಟೆಲ್ಲ ಹೇಳುವವನು ಜಾತಕ ನಂಬುತ್ತಾನೆಯೇ ಎಂದು ನೀನು ಕೇಳಿಯೇ ಕೇಳುತ್ತೀಯ. ಗ್ರಹಗಳು ನಮ್ಮ ಬಡ್ತಿ, ಮದುವೆಗಳ ಚಿಂತೆ ಮಾಡುತ್ತವೆ ಎಂದು ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕೂಡಿಸಿ ಕಳೆದ ನನಗೆ ಅನ್ನಿಸುವುದಿಲ್ಲ. ಆದರೆ ಪಂಚಾಂಗದಂಥ ಪ್ರಾಣಿಪಟ್ಟಿ ಕೈಗೆ ಸಿಕ್ಕಿರುವಾಗ ಅದನ್ನು ಮದುವೆ ಮುರಿಯುವುದಕ್ಕೆ ಬಳಸುವುದಕ್ಕಿಂತ ಗೊಂಬೆ ಮಾಡುವುದಕ್ಕೆ ಬಳಸುವುದು ಮೇಲು. ಆ ಪಟ್ಟಿಯಲ್ಲಿ ಏಳು ಹಗೆಯ ಜೋಡಿಗಳೂ ಇವೆ: ಬೆಕ್ಕಿಗೆ ಇಲಿ, ಹಾವಿಗೆ ಮುಂಗುಸಿ, ಆನೆಗೆ ಸಿಂಹ, ಹಸುವಿಗೆ ಹುಲಿ, ಹೀಗೆ. ಎಷ್ಟೋ ಒಳ್ಳೆಯ ಸಂಬಂಧಗಳು ಇದೊಂದು ಕಾರಣಕ್ಕೆ ತಪ್ಪಿಹೋದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಅಂದ ಹಾಗೆ, ಅತ್ತಿಗೆಯವರದು ಉತ್ತರಾಭಾದ್ರ ಎಂದು ನೆನಪು. ಅಂದರೆ ಹಸು. ಅಜ್ಜಿ ಹಸು, ಮೊಮ್ಮಗಳು ಹುಲಿ. ಹಸುವಿನ ಮಾತಿಗೆ ಹುಲಿ ಸೋತ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೆದರುವಂಥದ್ದು ಏನಿದೆ? ಅವರಿಗೂ ಒಂದು ಹಸು ಮಾಡಿಕೊಡುತ್ತೇನೆ, ಎರಡೂ ಒಂದೇ ಕಪಾಟಿನಲ್ಲಿ ಕೂರಲಿ.

ಬೆಂಗಳೂರಿನ ಹುಡುಗ ಹುಡುಗಿಯರ ತಕರಾರು ಬೇರೆಯ ಬಗೆಯದು. ಅವರು ಹುಟ್ಟಿದ ತಾರೀಕು ಕಳುಹಿಸುತ್ತಾರೆ, ನಕ್ಷತ್ರ ಕೇಳಿದರೆ ಅಮ್ಮನಿಗೆ ಫೋನ್ ಮಾಡುತ್ತಾರೆ. ಸೆಪ್ಟೆಂಬರ್ 1ರಂದು ಹುಟ್ಟಿದವನು ಪಾಶ್ಚಾತ್ಯ ಲೆಕ್ಕದಲ್ಲಿ ಕನ್ಯೆ. ನಮ್ಮ ಸೌರಮಾನದಲ್ಲಿ ಆ ದಿನ ಸೂರ್ಯ ಇನ್ನೂ ಸಿಂಹದಲ್ಲೇ ಇರುತ್ತಾನೆ. ಅಮ್ಮ ಹೇಳುವ ಜನ್ಮರಾಶಿಯೋ ಚಂದ್ರನದು, ಅದು ಹನ್ನೆರಡರಲ್ಲಿ ಯಾವುದೂ ಆಗಬಹುದು. ಭೂಮಿಯ ಅಕ್ಷ ಮೆಲ್ಲಗೆ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಎರಡು ಲೆಕ್ಕಗಳೂ ದೂರ ಸರಿದು, ಈಗ ಅವುಗಳ ನಡುವೆ ಸುಮಾರು 24 ಡಿಗ್ರಿ ಅಂತರವಿದೆ. ಡಿಸೆಂಬರ್ 21, 22ರ ಸುಮಾರಿಗೆ ಸೂರ್ಯ ಉತ್ತರಕ್ಕೆ ತಿರುಗಿದರೂ ನಾವು ಎಳ್ಳುಬೆಲ್ಲಕ್ಕೆ ಜನವರಿ 14, 15ರವರೆಗೆ ಕಾಯುವುದು ಇದೇ ಕಾರಣಕ್ಕೆ. ಯಾವುದು ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ. ಯಾವ ಪ್ರಾಣಿ ಇಷ್ಟವೋ ಆ ಲೆಕ್ಕವನ್ನು ಹಿಡಿದುಕೊಳ್ಳಿ ಎನ್ನುತ್ತೇನೆ. ಹೆಚ್ಚಿನವರು ಸಿಂಹವನ್ನೇ ಆರಿಸುತ್ತಾರೆ.

ಸಿಂಹದ ವಿಷಯಕ್ಕೆ ಬಂದದ್ದು ಒಳ್ಳೆಯದಾಯಿತು, ನಿನಗೆ ಹೇಳಬೇಕಾದ ಗಣಿತ ಅಲ್ಲಿದೆ. ಕ್ರೋಶಾ ಗೊಂಬೆಯ ತಲೆ ಆರು ಕುಣಿಕೆಗಳ ಸಣ್ಣ ಉಂಗುರದಿಂದ ಶುರುವಾಗುತ್ತದೆ. ಮುಂದಿನ ಸುತ್ತಿಗೆ 12, ಆಮೇಲೆ 18, 24, 30, 36. ಪ್ರತಿ ಸುತ್ತಿಗೂ ಆರೇ ಏಕೆ ಹೆಚ್ಚಬೇಕು? ಸಿಂಗಲ್ ಕ್ರೋಶಾದ ಕುಣಿಕೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಒಂದು ಸುತ್ತು ಹೆಣೆದಾಗ ತ್ರಿಜ್ಯ ಒಂದು ಕುಣಿಕೆಯಷ್ಟು ಬೆಳೆದರೆ ಸುತ್ತಳತೆ 6.28 ಕುಣಿಕೆಯಷ್ಟು ಬೆಳೆಯಬೇಕು. ಆ ಭಿನ್ನಾಂಕವನ್ನು ದಾರದ ಸಡಿಲ ನುಂಗಿಕೊಳ್ಳುತ್ತದೆ, ಆರು ಸಾಕಾಗುತ್ತದೆ. ಹೀಗೆ ಆರಾರು ಹೆಚ್ಚಿಸಿದರೆ ಚಪ್ಪಟೆ ಬಿಲ್ಲೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಬಟ್ಟಲಾಗಿ ಬಾಗುತ್ತದೆ. ಆರಾರು ಇಳಿಸುತ್ತ ಹೋದರೆ ಚೆಂಡು ಮುಚ್ಚಿಕೊಳ್ಳುತ್ತದೆ. ನನ್ನ ಸೋದರತ್ತೆ ಬಾಗಿಲ ತೋರಣ, ಟಿವಿಯ ಹೊದಿಕೆ ಹೆಣೆಯುತ್ತಿದ್ದಾಗ ಪೈ ಎಂಬುದರ ಹೆಸರನ್ನೂ ಕೇಳಿದವರಲ್ಲ, ಆದರೆ ಒಂದು ಕುಣಿಕೆ ತಪ್ಪಿದರೆ ಬೆರಳಿಗೇ ತಿಳಿಯುತ್ತಿತ್ತು.

ಆರಕ್ಕಿಂತ ಬಹಳ ಹೆಚ್ಚಿಸಿದರೆ? ಬಟ್ಟೆ ಚಪ್ಪಟೆಯಾಗಿ ಕೂರಲಾರದೆ ನಿರಿಗೆ ನಿರಿಗೆಯಾಗಿ ಏಳುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ, ಲ್ಯಾಟ್ವಿಯಾ ಮೂಲದ ಡೈನಾ ಟೈಮಿನಾ 1997ರಲ್ಲಿ ಇದೇ ಉಪಾಯದಿಂದ ಹೈಪರ್ಬೋಲಿಕ್ ಸಮತಲದ, ಅಂದರೆ ಎಲ್ಲೆಡೆಯೂ ಕುದುರೆಯ ಜೀನಿನಂತೆ ಬಾಗಿದ ಮೇಲ್ಮೈಯ, ಮಾದರಿಯನ್ನು ಕ್ರೋಶಾದಲ್ಲಿ ಹೆಣೆದು, ಮುಟ್ಟಿ ನೋಡುವಂತೆ ಮಾಡಿದರು. ಅದಕ್ಕೆ ಮೊದಲು ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡುತ್ತಿದ್ದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ಅವರ ರೇಖಾಗಣಿತ ನನ್ನ ಸಿಂಹಕ್ಕೆ ಕೇಸರವಾಯಿತು. ಮುಖದ ಸುತ್ತಿನ 36 ಕುಣಿಕೆಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಹಾಕುತ್ತ ಹೋಗು: 72, 144, 288. ಮೂರೇ ಸುತ್ತು. ಲೆಕ್ಕ ಹಾಕಿ ನೋಡು, ಇಡೀ ತಲೆಗಿಂತ ಹೆಚ್ಚಿನ ಕುಣಿಕೆ ಕೇಸರಕ್ಕೇ ಹೋಗಿರುತ್ತದೆ. ದಾರ ಧಾರಾಳವಾಗಿ ತಿನ್ನುತ್ತದೆ, ಆದರೆ ತುಂಡು ದಾರಗಳನ್ನು ಕಟ್ಟಿ ಮಾಡಿದ ಕೇಸರದಂತೆ ಮಗುವಿನ ಬಾಯಿಗೆ ಕಿತ್ತು ಬರುವುದಿಲ್ಲ.

ಮಕರವನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ, ಕೈಗೆ ಧೈರ್ಯ ಬರಲಿ ಎಂದು. ಪಾಶ್ಚಾತ್ಯರ ಪಟದಲ್ಲಿ ಅದು ಮೀನಿನ ಬಾಲದ ಮೇಕೆ, ಮೆಸೊಪೊಟೇಮಿಯಾದಿಂದ ಬಂದ ರೂಪ. ಸುಲಭ. ಆದರೆ ಹಳೇಬೀಡಿನ ಗೋಡೆಯ ಸಾಲುಪಟ್ಟಿಗಳಲ್ಲಿ ಹಂಸಗಳ ಕೆಳಗಿನ ಸಾಲಿನ ಮಕರಗಳನ್ನು ನೋಡಿದವನಿಗೆ ಮೇಕೆಯಿಂದ ತೃಪ್ತಿ ಎಲ್ಲಿಯದು? ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ಹೊಯ್ದಾಡುವ ನವಿಲಿನ ಬಾಲ ಎಂದು ಅಲ್ಲಿನ ಗೈಡುಗಳು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬಳಪದ ಕಲ್ಲಿನಲ್ಲಿ ಹೊಯ್ಸಳ ಶಿಲ್ಪಿಗಳು ತೆಗೆದ ಆ ಬಾಲದ ಸುರುಳಿಗಳಿಗೂ ಕೇಸರದ ಉಪಾಯವೇ ಒದಗುತ್ತದೆ ಎಂದು ನನ್ನ ಅಂದಾಜು. ನಾವು ಶೃಂಗೇರಿಗೆ ಹೋಗಿದ್ದಾಗ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳ ಎದುರು ನೀನು ತೆಗೆದ ಫೋಟೋಗಳಿದ್ದರೆ ಕಳುಹಿಸು. ಕಂಬಗಳ ಮೇಲೆ ಕೆತ್ತಿದ ರಾಶಿಚಿಹ್ನೆಗಳನ್ನು ಹತ್ತಿರದಿಂದ ನೋಡಬೇಕಾಗಿದೆ.

ಇನ್ನು ನಿನ್ನ ಮನೆಯ ಹುಲಿಯ ಬಗ್ಗೆ. ಅದು ಉಲ್ಲನ್ ಅಲ್ಲ, ಹತ್ತಿ ದಾರ. 2.5 ಮಿಲಿಮೀಟರ್ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆದಿದ್ದೇನೆ, ಎಳೆದರೂ ಒಳಗಿನ ಪಾಲಿಯೆಸ್ಟರ್ ಹತ್ತಿ ಇಣುಕದು. ಕಣ್ಣಿಗೆ ಪ್ಲಾಸ್ಟಿಕ್ ಗುಂಡಿ ಹಾಕಿಲ್ಲ, ಕಪ್ಪು ದಾರದಲ್ಲಿ ಕಸೂತಿ ಮಾಡಿದ್ದೇನೆ. ಮೂರು ವರ್ಷದೊಳಗಿನ ಮಕ್ಕಳಿಗೆ ಗುಂಡಿಯ ಕಣ್ಣು ಕೂಡದು, ಅಂಗಡಿಯವರು ಎಷ್ಟೇ ಭರವಸೆ ಕೊಡಲಿ. ಬೆನ್ನ ಮೇಲೆ ಪಟ್ಟೆಗಳು ಒಂದು ಕಡೆ ಮೆಟ್ಟಿಲಿನ ಹಾಗೆ ಜರುಗಿರುವುದನ್ನು ನೋಡಿ ಹುಬ್ಬೇರಿಸಬೇಡ. ಸುತ್ತುಗಳು ಒಂದಾದ ಮೇಲೊಂದು ಸುರುಳಿಯಾಗಿ ಏರುವುದರಿಂದ ಬಣ್ಣ ಬದಲಿಸಿದಲ್ಲೆಲ್ಲ ಆ ಮೆಟ್ಟಿಲು ಬಂದೇ ಬರುತ್ತದೆ. ಮುಖದ ಕಡೆ ಬರದಂತೆ ಹಿಂದಕ್ಕೆ ತಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಒಂದು ಮಾತನ್ನು ಮಗಳಿಗೆ ತಪ್ಪದೆ ಹೇಳು. ಮಗುವಿಗೆ ಒಂದು ವರ್ಷ ತುಂಬುವವರೆಗೆ ಮಲಗುವ ತೊಟ್ಟಿಲಿನಲ್ಲಿ ಈ ಗೊಂಬೆಯನ್ನಾಗಲಿ, ಬೇರೆ ಯಾವ ಮೆತ್ತನೆಯ ಗೊಂಬೆಯನ್ನಾಗಲಿ ಇಡುವುದು ಬೇಡ. ಮೂಗಿಗೆ ಅಡ್ಡವಾದರೆ ತಳ್ಳುವ ಶಕ್ತಿ ಎಳೆಯ ಮಗುವಿಗೆ ಇರುವುದಿಲ್ಲ. ಎಚ್ಚರವಾಗಿದ್ದಾಗ, ಯಾರಾದರೂ ಜೊತೆಗಿದ್ದಾಗ ಆಡಲಿ. ಜೊಲ್ಲಾದರೆ ತಣ್ಣೀರಿನಲ್ಲಿ ಕೈಯಿಂದ ಒಗೆದು, ಹಿಂಡದೆ, ಟವೆಲಿನಲ್ಲಿ ಒತ್ತಿ ನೆರಳಿನಲ್ಲಿ ಒಣಗಿಸಲಿ. ಬಿಸಿಲಿಗೆ ಹಾಕಿದರೆ ಕಿತ್ತಳೆ ಬಣ್ಣ ಮಾಸುತ್ತದೆ.

ಅತ್ತಿಗೆಯವರ ಹಸು ಯಾವ ಬಣ್ಣದ್ದಿರಬೇಕೆಂದು ಕೇಳಿ ತಿಳಿಸು. ಬಿಳಿಯಾದರೆ ದಾರ ಮನೆಯಲ್ಲೇ ಇದೆ, ನಾಳೆಯೇ ಶುರುಮಾಡುತ್ತೇನೆ. ಕಂದು ಎಂದರೆ ಶನಿವಾರ ದೇವರಾಜ ಅರಸು ರಸ್ತೆಯ ಕಡೆ ಹೋಗಿ ತರಬೇಕು. ನಿನ್ನ ನಕ್ಷತ್ರ ಮಖೆ ಎಂದು ನನಗೆ ಗೊತ್ತಿದೆ, ಇಲಿ ಬೇಕೆಂದರೆ ಅದನ್ನೂ ಇದೇ ಪತ್ರಕ್ಕೆ ಉತ್ತರವಾಗಿ ಬರೆದುಬಿಡು.

ಇತಿ ನಿನ್ನ
ಗೆಳೆಯ