ಹೊಗೆಸೊಪ್ಪಿನ ದುಡ್ಡು ಕಟ್ಟಿದ ವಿಶ್ವವಿದ್ಯಾಲಯ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಒಂದೇ ಮನೆಯಲ್ಲಿದ್ದುಕೊಂಡು, ಮಹಡಿಯ ಕೋಣೆಯಲ್ಲಿ ಮಲಗಿರುವ ಮಗಳಿಗೆ ಕಾಗದ ಬರೆಯುವುದು ನಿನಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ಹದಿನೈದು ದಿನಗಳಿಂದ ಊಟದ ಹೊತ್ತಿನಲ್ಲಿ ಈ ಮಾತು ಬಂದಾಗಲೆಲ್ಲ ನಿನ್ನ ಅಪ್ಪ ಖರ್ಚಿನ ಲೆಕ್ಕ ತೆಗೆಯುತ್ತಾರೆ, ನೀನು ಅರ್ಧ ಊಟಕ್ಕೇ ಎದ್ದು ಹೋಗುತ್ತೀಯ, ನಾನು ಪಾತ್ರೆ ತೊಳೆಯುವ ನೆಪದಲ್ಲಿ ಸುಮ್ಮನಾಗುತ್ತೇನೆ. ಅಮೆರಿಕದ ಈ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಡರ್ಹಮ್‌ನ ಖಾಸಗಿ ಡ್ಯೂಕ್ ವಿಶ್ವವಿದ್ಯಾಲಯವೋ, ಚಾಪೆಲ್ ಹಿಲ್‌ನ ಸರ್ಕಾರಿ ವಿಶ್ವವಿದ್ಯಾಲಯವೋ ಎಂಬುದನ್ನು ಮೇ 1ರೊಳಗೆ ತಿಳಿಸಬೇಕಾಗಿರುವುದರಿಂದ, ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹೇಳಲು ಕುಳಿತಿದ್ದೇನೆ. ಕನ್ನಡ ತರಗತಿಯಲ್ಲಿ ಕಲಿತದ್ದು ಸಾಲದೆ ಎಲ್ಲಾದರೂ ತಡವರಿಸಿದರೆ ಅಪ್ಪನ ಹತ್ತಿರ ಓದಿಸಿಕೋ. ಈ ನೆಪದಲ್ಲಿ ಅವರೂ ಓದಿದಂತಾಗುತ್ತದೆ.

ನಿನಗೆ ಡ್ಯೂಕ್‌ನಲ್ಲಿ ಪ್ರವೇಶ ಸಿಕ್ಕಿತೆಂದು ಪಿರಿಯಾಪಟ್ಟಣಕ್ಕೆ ಫೋನ್ ಮಾಡಿದಾಗ ಅಜ್ಜಿ ಮೊದಲು ಕೇಳಿದ್ದು, "ಗೌರ್ಮೆಂಟ್ ಸೀಟೇನೇ?" ಎಂದು. ನೀನು ನಕ್ಕೆ. ಆ ಪ್ರಶ್ನೆಯ ಹಿಂದೆ ನನ್ನ ಕಾಲದ ಕರ್ನಾಟಕವಿಡೀ ಇದೆ. ತೊಂಬತ್ತರ ದಶಕದಲ್ಲಿ ಸಿಇಟಿ ಬರೆದು, ರ‍್ಯಾಂಕ್ ಬಂದು, ಇಂಜಿನಿಯರಿಂಗ್‌ನಲ್ಲಿ ಫ್ರೀ ಸೀಟು ಪಡೆದವರನ್ನು ಊರು ಬುದ್ಧಿವಂತರೆಂದು ಕರೆಯುತ್ತಿತ್ತು. ಪೇಮೆಂಟ್ ಸೀಟಿನವರನ್ನು ದುಡ್ಡಿದ್ದವರೆಂದು ಕರೆಯುತ್ತಿತ್ತು. ಖಾಸಗಿ ಎಂಬ ಮಾತಿಗೇ ಡೊನೇಷನ್ನಿನ ವಾಸನೆ ಅಂಟಿಕೊಂಡಿತ್ತು. ಅಂಥ ಕಡೆಯಿಂದ ಬಂದ ನನಗೆ, ಈ ದೇಶದಲ್ಲಿ ಪಟ್ಟಿಯ ಮೇಲ್ತುದಿಯಲ್ಲಿರುವ ವಿಶ್ವವಿದ್ಯಾಲಯಗಳೆಲ್ಲ ಹೆಚ್ಚೂಕಡಿಮೆ ಖಾಸಗಿಯವೇ ಎಂಬುದನ್ನು ಅರಗಿಸಿಕೊಳ್ಳಲು ಹತ್ತು ವರ್ಷ ಬೇಕಾಯಿತು. ಅರ್ಜಿ ಹಾಕಿದ ನೂರು ಮಂದಿಯಲ್ಲಿ ಐದಾರು ಮಂದಿಯನ್ನಷ್ಟೇ ಡ್ಯೂಕ್ ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಅಜ್ಜಿಗೆ ತಿಳಿಸಿ ಹೇಳಿದೆ. ಅವರು ಒಪ್ಪಿದರು, ಆದರೆ ಪ್ರಶ್ನೆಯನ್ನು ಬಿಡಲಿಲ್ಲ: "ಹಾಗಾದರೆ ಫೀಸು ಯಾಕೆ ಕಟ್ಟಬೇಕು?" ಈ ಪತ್ರದ ಉದ್ದಕ್ಕೂ ನಾನು ಉತ್ತರ ಹುಡುಕುತ್ತಿರುವುದು ಅವರ ಆ ಪ್ರಶ್ನೆಗೇ.

ಮೊದಲು ಡ್ಯೂಕ್‌ನ ಘನತೆಯ ವಿಷಯ. ನಾವು ಮೊನ್ನೆ ಹೋದಾಗ ನೀನು ಅಲ್ಲಿನ ಚಾಪೆಲ್‌ನ, ಅಂದರೆ ಪ್ರಾರ್ಥನಾ ಮಂದಿರದ, 210 ಅಡಿ ಎತ್ತರದ ಗೋಪುರವನ್ನು ಕತ್ತೆತ್ತಿ ನೋಡುತ್ತ, "ಐನೂರು ವರ್ಷ ಹಳೆಯದರ ಹಾಗಿದೆ ಅಲ್ಲವಾ" ಎಂದೆಯಲ್ಲ, ಹಾಗೆ ಕಾಣಲೆಂದೇ ಅದನ್ನು ಕಟ್ಟಿದ್ದು. ಅದು ಎದ್ದದ್ದು 1930ರ ದಶಕದಲ್ಲಿ. ಟ್ರಿನಿಟಿ ಕಾಲೇಜು ಎಂಬ ಮೆಥಡಿಸ್ಟ್ ಪಂಥದ ಕ್ರೈಸ್ತರ ಚಿಕ್ಕ ಕಾಲೇಜಿಗೆ ಡ್ಯೂಕ್ ವಿಶ್ವವಿದ್ಯಾಲಯವೆಂಬ ಹೆಸರು ಬಂದದ್ದು 1924ರಲ್ಲಿ, ಅಂದರೆ ನಮ್ಮ ಮೈಸೂರು ವಿಶ್ವವಿದ್ಯಾಲಯ ಆರಂಭವಾಗಿ ಎಂಟು ವರ್ಷಗಳಾದ ಮೇಲೆ. ಹಳತನವನ್ನೂ ಕಲ್ಲಿನಲ್ಲಿ ಕಡೆಸಿಕೊಳ್ಳಬಹುದು, ಕೈಯಲ್ಲಿ ಹಣವಿದ್ದರೆ. ಹಾಗೆಂದು ಅದರ ಚೆಲುವನ್ನು ನಾನು ಅಲ್ಲಗಳೆಯುತ್ತಿಲ್ಲ. ಆ ಮುಸ್ಸಂಜೆ ಗಂಟೆಗಳು ಬಾರಿಸಿದಾಗ ನನಗೂ ರೋಮಾಂಚನವಾಯಿತು.

ಆ ಹಣ ಎಲ್ಲಿಂದ ಬಂತೆಂಬುದು ನಮ್ಮ ಮನೆಗೆ ಹತ್ತಿರದ ಸಂಗತಿ. ಪಿರಿಯಾಪಟ್ಟಣದ ಹೊಲದಲ್ಲಿ ನಿನ್ನ ತಾತ ಬೆಳೆಯುತ್ತಿದ್ದುದು ವರ್ಜೀನಿಯಾ ಹೊಗೆಸೊಪ್ಪು; ಮುಂಗಾರಿಗೆ ಸಸಿ ನಾಟಿ, ಎಲೆ ಮುರಿದು, ಕಡ್ಡಿಗೆ ಕಟ್ಟಿ, ಎಲೆ ಹದಮಾಡುವ ಬ್ಯಾರನ್ನಿನಲ್ಲಿ ತೂಗುಹಾಕಿ, ರಾತ್ರಿಯೆಲ್ಲ ಸೌದೆ ಒಟ್ಟುತ್ತ ಕಾವು ಏರಿಳಿಯದಂತೆ ಕಾಯುತ್ತಿದ್ದುದನ್ನು ನಾನು ನೋಡುತ್ತ ಬೆಳೆದೆ. ಹಾಗೆ ಬೆಂಕಿಯ ಕಾವಿನಲ್ಲಿ ಎಲೆಯನ್ನು ಹೊಂಬಣ್ಣಕ್ಕೆ ತಿರುಗಿಸುವ ವಿದ್ಯೆ ಹುಟ್ಟಿದ್ದು ಡರ್ಹಮ್‌ನಿಂದ ಉತ್ತರಕ್ಕಿರುವ ಕ್ಯಾಸ್‌ವೆಲ್ ಕೌಂಟಿಯಲ್ಲಿ. 1839ರಲ್ಲಿ ಸ್ಟೀಫನ್ ಎಂಬ ಗುಲಾಮ, ಬ್ಯಾರನ್ ಕಾಯುತ್ತ ನಿದ್ದೆಹೋಗಿ, ಎಚ್ಚರವಾದಾಗ ಆರುತ್ತಿದ್ದ ಬೆಂಕಿಗೆ ಕಮ್ಮಾರಸಾಲೆಯ ಇದ್ದಿಲು ಸುರಿದದ್ದರಿಂದ ಅದು ಕೈಗೂಡಿತೆಂದು ಹೇಳುತ್ತಾರೆ. ಅಂಥ ಎಲೆಯನ್ನು ಯಂತ್ರದಲ್ಲಿ ಸಿಗರೇಟು ಮಾಡಿ ಮಾರಿದ್ದು ವಾಷಿಂಗ್ಟನ್ ಡ್ಯೂಕ್ ಮತ್ತು ಅವನ ಮಕ್ಕಳು. ಅವರ ಅಮೆರಿಕನ್ ಟೊಬ್ಯಾಕೊ ಕಂಪನಿ ಎಷ್ಟು ಬಲಿತಿತ್ತೆಂದರೆ 1911ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಒಡೆಯಬೇಕಾಯಿತು. ಮಗ ಜೇಮ್ಸ್ ಡ್ಯೂಕ್ ಕೆರೊಲಿನಾದ ನದಿಗಳಿಂದ ವಿದ್ಯುತ್ ತೆಗೆದು ಇನ್ನೊಂದು ಸಿರಿ ಗಳಿಸಿದ. 1924ರ ಡಿಸೆಂಬರ್‌ನಲ್ಲಿ 4 ಕೋಟಿ ಡಾಲರ್‌ಗಳ ದತ್ತಿ ಬರೆದಿಟ್ಟ. ವಿಶ್ವವಿದ್ಯಾಲಯದ ಆಸ್ಪತ್ರೆ 1930ರಲ್ಲಿ ತೆರೆಯಿತು. ಹೊಗೆಸೊಪ್ಪಿನ ಹೆಸರಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತದೆ. ನನ್ನ ಕಾಲೇಜಿನ ಹಾಸ್ಟೆಲ್ ಖರ್ಚೂ ಹರಾಜುಕಟ್ಟೆಯಲ್ಲಿ ಬಂದ ಹೊಗೆಸೊಪ್ಪಿನ ದುಡ್ಡೇ ಆಗಿದ್ದರಿಂದ, ಅವರನ್ನು ಬಯ್ಯುವ ಹಕ್ಕು ನನಗಿಲ್ಲ. ತಿಳಿದಿರಲಿ ಎಂದಷ್ಟೇ ಬರೆದೆ.

ಅಮೆರಿಕದ ದಕ್ಷಿಣದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಿಗೆಲ್ಲ ಇಂಥದೊಂದು ಬೇರಿದೆ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್‌ಗೆ ಹಡಗು ಮತ್ತು ರೈಲಿನ ದುಡ್ಡು, ಅಟ್ಲಾಂಟಾದ ಎಮರಿಗೆ ಕೋಕಾ-ಕೋಲಾದ ದುಡ್ಡು, ಹ್ಯೂಸ್ಟನ್‌ನ ರೈಸ್‌ಗೆ ಹತ್ತಿಯ ವ್ಯಾಪಾರದ ದುಡ್ಡು. ಇವುಗಳಲ್ಲಿ ಒಂದೊಂದನ್ನೂ ಯಾರಾದರೊಬ್ಬರು ದಕ್ಷಿಣದ ಹಾರ್ವರ್ಡ್ ಎಂದು ಕರೆದೇ ಇದ್ದಾರೆ. ನಮ್ಮ ಕಡೆ ನಂಜನಗೂಡು ದಕ್ಷಿಣ ಕಾಶಿ, ಗೋಕರ್ಣವೂ ದಕ್ಷಿಣ ಕಾಶಿ, ಇನ್ನೂ ಎಷ್ಟು ಊರುಗಳಿವೆಯೋ! ನಂಜುಂಡೇಶ್ವರನಿಗೆ ಆ ಬಿರುದು ಬೇಕಾಗಿಲ್ಲ. ಅವನ ಭಕ್ತರು ಬರುವುದು ಅವನನ್ನು ನೋಡಲು. ಡ್ಯೂಕ್‌ಗೂ ಅದು ಬೇಕಿಲ್ಲವೆಂದು ನನಗೆ ತೋರುತ್ತದೆ.

ದಕ್ಷಿಣ ಎಂಬ ಮಾತಿನಲ್ಲಿ ಇನ್ನೊಂದು ಭಾರವಿದೆ, ಕಂದು ಮೈಬಣ್ಣದ ನೀನು ಅದನ್ನು ಅರಿತು ಹೋಗಬೇಕು. ಆ ಗೋಪುರವನ್ನೂ ಸುತ್ತಲಿನ ಕಟ್ಟಡಗಳನ್ನೂ ವಿನ್ಯಾಸ ಮಾಡಿದ ಪ್ರಧಾನ ವಾಸ್ತುಶಿಲ್ಪಿ ಜೂಲಿಯನ್ ಅಬೀಲ್ ಫಿಲಡೆಲ್ಫಿಯಾದ ಕಪ್ಪು ಜನಾಂಗದವನು. ಅವನು ಬರೆದ ನಕ್ಷೆಯ ಮೇಲೆ ಎದ್ದ ತರಗತಿಗಳಲ್ಲಿ ಅವನ ಜನಾಂಗದ ಹುಡುಗ ಹುಡುಗಿಯರು ಕೂರುವಂತಿರಲಿಲ್ಲ. ಪದವಿ ತರಗತಿಗೆ ಮೊದಲ ಐವರು ಕಪ್ಪು ವಿದ್ಯಾರ್ಥಿಗಳು ಸೇರಿದ್ದು 1963ರಲ್ಲಿ, ಅಬೀಲ್ ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ. ಅವನ ಕೆಲಸ ಎಲ್ಲರ ಕಿವಿಗೆ ಬಿದ್ದದ್ದು, 1986ರಲ್ಲಿ ಅಲ್ಲಿ ಓದುತ್ತಿದ್ದ ಅವನ ಬಂಧುವಾದ ಹುಡುಗಿಯೊಬ್ಬಳು ವಿದ್ಯಾರ್ಥಿ ಪತ್ರಿಕೆಗೆ ಬರೆದ ಒಂದು ಕಾಗದದಿಂದ. ನಾವು ನಿಂತಿದ್ದ ಹುಲ್ಲುಹಾಸಿನ ಅಂಗಳಕ್ಕೆ ಅವನ ಹೆಸರಿಟ್ಟದ್ದು 2016ರಲ್ಲಿ. ಚಾಪೆಲ್‌ನ ಬಾಗಿಲಲ್ಲಿದ್ದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ದಕ್ಷಿಣದ ಪರ ಕಾದ ದಂಡನಾಯಕ ರಾಬರ್ಟ್ ಲೀಯ ಪ್ರತಿಮೆಯನ್ನು 2017ರ ಆಗಸ್ಟ್‌ನಲ್ಲಿ ತೆಗೆದರು; ಆ ಗೂಡು ಖಾಲಿಯಾದದ್ದು ನಿನ್ನ ಕಾಲದಲ್ಲೇ. ಚಾಪೆಲ್ ಹಿಲ್‌ನ ಚರಿತ್ರೆಯೂ ಇದಕ್ಕಿಂತ ಶುಭ್ರವೇನಲ್ಲ, ಆದ್ದರಿಂದ ತಕ್ಕಡಿಯಲ್ಲಿ ಇದು ಯಾವ ಕಡೆಗೂ ತೂಗುವುದಿಲ್ಲ.

ರ‍್ಯಾಂಕ್ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2023ರಲ್ಲಿ, ಇಲ್ಲಿನ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಯು.ಎಸ್. ನ್ಯೂಸ್‌ನವರು ತರಗತಿಯ ಗಾತ್ರ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಮೊದಲಾದವುಗಳನ್ನು ಲೆಕ್ಕದಿಂದ ಕೈಬಿಟ್ಟ ಕೂಡಲೇ ವ್ಯಾಂಡರ್‌ಬಿಲ್ಟ್ 13ರಿಂದ 18ಕ್ಕೆ, ದಕ್ಷಿಣದ ಖಾಸಗಿ ವಿಶ್ವವಿದ್ಯಾಲಯಗಳೇ ಆದ ವೇಕ್ ಫಾರೆಸ್ಟ್ 29ರಿಂದ 47ಕ್ಕೆ, ಟುಲೇನ್ 44ರಿಂದ 73ಕ್ಕೆ ಇಳಿದವು. ಡ್ಯೂಕ್ 10ರಿಂದ 7ಕ್ಕೆ ಏರಿತು. ಆ ವಾರ ಅಲ್ಲಿನ ಮೇಷ್ಟರುಗಳಲ್ಲಿ ಯಾರೂ ದಡ್ಡರೂ ಆಗಲಿಲ್ಲ, ಜಾಣರೂ ಆಗಲಿಲ್ಲ.

ಇನ್ನು ಡ್ಯೂಕ್‌ನ ನಿಜವಾದ ಬಲ. ತುಮಕೂರು ಬಳಿಯ ನಾಗವಲ್ಲಿಗೆ ಹೋಗಿದ್ದಾಗ ನಿನಗೆ ಒಂಬತ್ತು ವರ್ಷ. ಅಪ್ಪ ಟಾರ್ಚ್ ಹಿಡಿದು, ಬೇಲಿಯ ಮರದಲ್ಲಿ ಎರಡು ಕೆಂಡದಂಥ ಕಣ್ಣುಗಳನ್ನು ತೋರಿಸಿ, "ಕಾಡುಪಾಪ" ಎಂದಾಗ ನೀನು ಉಸಿರು ಬಿಗಿಹಿಡಿದು ಅರ್ಧ ಗಂಟೆ ನಿಂತಿದ್ದೆ. ಊಟಕ್ಕೆ ಕರೆದರೂ ಬರಲಿಲ್ಲ. ಆ ಕಾಡುಪಾಪದ ದೂರದ ಬಂಧುಗಳಾದ ಲೀಮರ್‌ಗಳು, ಅವುಗಳ ತವರಾದ ಮಡಗಾಸ್ಕರ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ, ಅತಿ ಹೆಚ್ಚು ಬಗೆಗಳಲ್ಲಿ ಇರುವುದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡ್ಯೂಕ್ ಲೀಮರ್ ಸೆಂಟರಿನಲ್ಲಿ. 1966ರಲ್ಲಿ ಶುರುವಾದ ಆ ಕೇಂದ್ರದಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳಿವೆ. ಅವುಗಳಿಗೆ ನೋವಾಗುವಂಥ ಪ್ರಯೋಗ ಮಾಡುವುದಿಲ್ಲ. ನೋಡುತ್ತಾರೆ, ತೂಗುತ್ತಾರೆ, ದಾಖಲಿಸುತ್ತಾರೆ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಜಡನಿದ್ದೆಗೆ ಹೋಗುವ ಪುಟ್ಟ ಲೀಮರ್ ನಮ್ಮ ಬಂಧುವರ್ಗದ ಪ್ರಾಣಿಯಾಗಿದ್ದೂ ಅದನ್ನು ಹೇಗೆ ಮಾಡುತ್ತದೆ ಎಂಬ ಪ್ರಶ್ನೆಯ ಮೇಲೆ ಅಲ್ಲಿ ನಡೆಯುತ್ತಿರುವ ಕೆಲಸದ ಬಗ್ಗೆ ನೀನು ನನಗೆ ಹೇಳಿದಾಗ, ನಿನ್ನ ಮುಖದಲ್ಲಿ ನಾಗವಲ್ಲಿಯ ಆ ರಾತ್ರಿ ಕಂಡಿತು. ಪ್ರೈಮೇಟ್‌ಗಳ, ಅಂದರೆ ಲೀಮರ್, ಮಂಗ, ಮನುಷ್ಯರ ವರ್ಗದ, ವಿಕಾಸವನ್ನು ಓದಬೇಕೆನ್ನುವ ಹುಡುಗಿಗೆ ಇದು ಹೆಸರಲ್ಲ, ಸಲಕರಣೆ. ಪದವಿ ವಿದ್ಯಾರ್ಥಿಗಳು ಆರೂವರೆ ಸಾವಿರದಷ್ಟೇ ಇರುವುದರಿಂದ, ಮೊದಲ ವರ್ಷದ ಹುಡುಗಿಗೂ ಒಂದು ಪ್ರಯೋಗಾಲಯದ ಬಾಗಿಲು ತಟ್ಟುವ ಅವಕಾಶವಿದೆ. ರಸಾಯನಶಾಸ್ತ್ರದ ನೊಬೆಲ್ ಪಡೆದ ರಾಬರ್ಟ್ ಲೆಫ್ಕೊವಿಟ್ಜ್ (2012) ಮತ್ತು ಪಾಲ್ ಮಾಡ್ರಿಚ್ (2015) ಇಬ್ಬರೂ ಡ್ಯೂಕ್‌ನವರು. ಮಾಡ್ರಿಚ್ ಜೊತೆ ಆ ವರ್ಷದ ಬಹುಮಾನ ಹಂಚಿಕೊಂಡವರಲ್ಲಿ ಒಬ್ಬರಾದ ಅಜೀಜ್ ಸಂಜಾರ್ ಚಾಪೆಲ್ ಹಿಲ್‌ನವರು ಎಂಬುದನ್ನೂ ಮರೆಯಬೇಡ. ಇನ್ನೊಂದು ತಮಾಷೆಯ ಸಂಗತಿ: ಜರ್ಮನಿಯಿಂದ ಓಡಿಬಂದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯ ಅಲ್ಲಿ ರಕ್ತದೊತ್ತಡದ ರೋಗಿಗಳಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣನ್ನೇ ಮದ್ದಾಗಿ ಕೊಟ್ಟು ಹೆಸರುಮಾಡಿದ. ಅನ್ನ ಬಿಡು, ರಾಗಿ ತಿನ್ನು ಎಂದು ಪೀಡಿಸುವ ನಿನ್ನ ಅಪ್ಪನಿಗೆ ಇದನ್ನು ಓದಿ ಹೇಳು.

ಬ್ಯಾಸ್ಕೆಟ್‌ಬಾಲ್ ವಿಷಯವನ್ನು ನಾನು ಮುಟ್ಟುವುದಿಲ್ಲ. ಈ ಮನೆಯಲ್ಲಿ ಚಾಪೆಲ್ ಹಿಲ್ ತಂಡದ ತಿಳಿನೀಲಿ ಅಂಗಿ ತೊಡುವವರೊಬ್ಬರಿದ್ದಾರೆ.

ಹೆಣ್ಣುಮಗಳಾಗಿ ನೀನು ತಿಳಿದಿರಬೇಕಾದ ಎರಡು ಸಂಗತಿಗಳಿವೆ. 1896ರಲ್ಲಿ ವಾಷಿಂಗ್ಟನ್ ಡ್ಯೂಕ್ ಕಾಲೇಜಿಗೆ ಒಂದು ಲಕ್ಷ ಡಾಲರ್ ಕೊಡುವಾಗ, ಹೆಣ್ಣುಮಕ್ಕಳನ್ನು ಗಂಡುಮಕ್ಕಳಿಗೆ ಸಮನಾಗಿ ಸೇರಿಸಿಕೊಳ್ಳಬೇಕೆಂಬ ಷರತ್ತು ಹಾಕಿದ. ಅದಾಗಿ ನೂರು ವರ್ಷಗಳ ಮೇಲೆ, ಅಲ್ಲಿನ ಮೊದಲ ಮಹಿಳಾ ಅಧ್ಯಕ್ಷೆಯಾಗಿದ್ದ ನ್ಯಾನರ್ಲ್ ಕಿಯೊಹೇನ್ ಅವರ ಕಾಲದಲ್ಲಿ, 2003ರಲ್ಲಿ ಒಂದು ವರದಿ ಬಂತು: ಜಾಣೆಯಾಗಿರಬೇಕು, ಚೆಲುವೆಯಾಗಿರಬೇಕು, ತೆಳ್ಳಗಿರಬೇಕು, ಎಲ್ಲರಿಗೂ ಬೇಕಾದವಳಾಗಿರಬೇಕು, ಇಷ್ಟಕ್ಕೂ ಶ್ರಮಪಟ್ಟದ್ದು ಯಾರಿಗೂ ಕಾಣಬಾರದು ಎಂಬ ಒತ್ತಡದಲ್ಲಿ ಅಲ್ಲಿನ ಹುಡುಗಿಯರು ಬೇಯುತ್ತಿದ್ದಾರೆ ಎಂದು. ವಿಶ್ವವಿದ್ಯಾಲಯ ತನ್ನ ಹುಳುಕನ್ನು ತಾನೇ ಅಚ್ಚುಮಾಡಿ ಹೊರಗಿಟ್ಟಿತಲ್ಲ ಎಂದು ನನಗೆ ಅದರ ಮೇಲೆ ಗೌರವ ಮೂಡಿತು; ಜೊತೆಗೇ, ಗಣಿತದಲ್ಲಿ ಎರಡು ಅಂಕ ಹೋದರೆ ಸ್ನಾನದ ಮನೆಯಲ್ಲಿ ಅಳುವ ನಿನ್ನನ್ನು ನೆನೆದು ಹೆದರಿಕೆಯೂ ಆಯಿತು.

ನಾನು ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿರುವವಳು. ದಾಖಲೆ ತಿದ್ದುವುದೆಂದರೆ ನನಗೆ ಮೈ ಉರಿಯುತ್ತದೆ. ಸಂಶೋಧನೆಯ ದತ್ತಾಂಶವನ್ನು ಸುಳ್ಳು ಮಾಡಿ ಕೇಂದ್ರ ಸರ್ಕಾರದ ಅನುದಾನ ಪಡೆದ ಆರೋಪದ ಮೊಕದ್ದಮೆಯನ್ನು ಡ್ಯೂಕ್ 2019ರಲ್ಲಿ 11 ಕೋಟಿ 25 ಲಕ್ಷ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. ಅದನ್ನು ಹೊರಗೆಳೆದದ್ದು ಅಲ್ಲಿಯೇ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಒಬ್ಬ ನೌಕರ. ವಿದ್ಯಾರ್ಥಿ ನೆರವನ್ನು ಹೆಸರಾಂತ ವಿಶ್ವವಿದ್ಯಾಲಯಗಳು ಒಳಗೊಳಗೇ ಕೂಡಿ ತಗ್ಗಿಸಿದವೆಂಬ ಮತ್ತೊಂದು ದಾವೆಯಲ್ಲಿ, ತಪ್ಪೊಪ್ಪಿಕೊಳ್ಳದೆಯೇ 2024ರಲ್ಲಿ 2 ಕೋಟಿ 40 ಲಕ್ಷ ಡಾಲರ್ ಕೊಡಲು ಒಪ್ಪಿತು. ಇವೆರಡನ್ನೂ ಪ್ರವೇಶದ ಕಿರುಹೊತ್ತಿಗೆಯಲ್ಲಿ ಅಚ್ಚುಮಾಡುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈಗ ಅಜ್ಜಿಯ ಪ್ರಶ್ನೆ. ಎರಡು ಕೆರೊಲಿನಾ ರಾಜ್ಯಗಳಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್‌ವರೆಗೆ ವರಮಾನವಿರುವ ಮನೆಗಳ ಮಕ್ಕಳಿಗೆ ಡ್ಯೂಕ್ 2023ರಿಂದ ಬೋಧನಾ ಶುಲ್ಕವನ್ನು ಪೂರ್ತಿ ಬಿಟ್ಟಿದೆ. ಅದು ದೊಡ್ಡ ಮಾತು. ಆದರೆ ನಮ್ಮಿಬ್ಬರ ಸಂಬಳ ಸೇರಿ ಆ ಗೆರೆಯನ್ನು ದಾಟುತ್ತದೆ. ವರ್ಷದ ಒಟ್ಟು ಖರ್ಚು 90 ಸಾವಿರ ಡಾಲರ್ ಮೀರುತ್ತದೆ. ಚಾಪೆಲ್ ಹಿಲ್‌ನಲ್ಲಿ ಈ ರಾಜ್ಯದವರಾದ ನಮಗೆ ಅದರ ಮೂರನೇ ಒಂದು ಪಾಲಿನ ಆಸುಪಾಸು. ಎರಡೂ ಕಡೆಯವರು ಒಂದು ಕಡೆಯ ವಿದ್ಯಾರ್ಥಿ ಇನ್ನೊಂದು ಕಡೆ ಪಾಠಕ್ಕೆ ಸೇರುವ ಏರ್ಪಾಡು ಇಟ್ಟುಕೊಂಡಿದ್ದಾರೆ, ನಡುವೆ ಬಸ್ಸೂ ಓಡುತ್ತದೆ. ಮುಂದೆ ಪಿಎಚ್.ಡಿ.ಗೆ ಹೋಗುವವಳಿಗೆ ಆಗ ಸ್ಟೈಪೆಂಡ್ ಸಿಗುತ್ತದೆ. ಅದಕ್ಕೆ ಆಯ್ಕೆ ಮಾಡುವವರು ನೋಡುವುದು ನೀನು ಏನನ್ನು ಅಳೆದೆ, ಏನನ್ನು ಬರೆದೆ ಎಂಬುದನ್ನೇ ಹೊರತು ಅಂಗಿಯ ಮೇಲಿನ ಅಕ್ಷರವನ್ನಲ್ಲ.

ಹೀಗಿರುವಾಗ ನನ್ನ ತೀರ್ಮಾನ ಇದು. ಗೋಪುರಕ್ಕೆ, ಪಟ್ಟಿಯ ಅಂಕಿಗೆ, ದೇವಸ್ಥಾನದಲ್ಲಿ ಸಿಕ್ಕವರು "ಓ, ಡ್ಯೂಕಾ?" ಎಂದು ಹುಬ್ಬೇರಿಸುವುದಕ್ಕೆ ನಾನು ವರ್ಷಕ್ಕೆ 60 ಸಾವಿರ ಡಾಲರ್ ಹೆಚ್ಚು ಕೊಡುವುದಿಲ್ಲ. ಲೀಮರ್‌ಗಳಿಗೆ ಕೊಡುತ್ತೇನೆ. ಮೊದಲ ಎರಡು ವರ್ಷಗಳಲ್ಲೇ ನಿನಗೆ ಅಲ್ಲಿ ಕೆಲಸ ಮಾಡಲು ಸಿಗುವುದಾದರೆ, ಇಲವಾಲದ ಬಳಿ ಕೊಂಡಿದ್ದ 30x40 ಸೈಟನ್ನು ಮಾರಲು ನಾನು ಸಿದ್ಧ. ಅದು ನನ್ನ ಹೆಸರಿನಲ್ಲಿದೆ, ಅಪ್ಪನನ್ನು ಒಪ್ಪಿಸುವ ಹೊಣೆ ನನ್ನದು. ನಿನ್ನ ಹೆಸರಿನಲ್ಲಿ ಸಾಲ ಮಾತ್ರ ಬೇಡ. ಸಿಗದು ಎಂದಾದರೆ ಚಾಪೆಲ್ ಹಿಲ್‌ಗೆ ಸೇರಿ, ಬಸ್ಸು ಹತ್ತಿ ಲೀಮರ್‌ಗಳ ಹತ್ತಿರ ಹೋಗುವ ದಾರಿ ಹುಡುಕೋಣ.

ಶನಿವಾರ ಬೆಳಗ್ಗೆ ಲೀಮರ್ ಸೆಂಟರಿಗೆ ಹೋಗಲು ಇಬ್ಬರಿಗೂ ಬುಕ್ ಮಾಡಿದ್ದೇನೆ. ಮೊದಲ ವರ್ಷದವರು ಎಷ್ಟು ಮಂದಿ ಅಲ್ಲಿ ನಿಜವಾಗಿ ದತ್ತಾಂಶ ಕಲೆಹಾಕುತ್ತಿದ್ದಾರೆ, ಚಾಪೆಲ್ ಹಿಲ್‌ನಿಂದ ಬಂದವರನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ, ಈ ಎರಡನ್ನೂ ನೀನೇ ಕೇಳಬೇಕು. ನಾನು ಬಾಯಿ ಬಿಡುವುದಿಲ್ಲ, ಬ್ಯಾರನ್ ಕಾದವನ ಮಗಳಂತೆ ಮೂಲೆಯಲ್ಲಿ ಕೂತಿರುತ್ತೇನೆ. ಅಜ್ಜಿಗೆ ಭಾನುವಾರ ಫೋನ್ ಮಾಡೋಣ.

ಇಂತಿ ನಿನ್ನ,
ಅಮ್ಮ